ಸಿಂಹಾಸನವಿಲ್ಲದ ರಾಜಮನೆತನ: ಇಂದಿನ ಸೆರ್ಬಿಯದಲ್ಲಿ ಕರಾಜೋರ್ಜೆವಿಚ್ ಕುಟುಂಬಕ್ಕೆ ಏನು ಪಾತ್ರ?

ಶರಾವತಿ

ಸೆರ್ಬಿಯ ತನ್ನ 2006ರ ಸಂವಿಧಾನದ ಪ್ರಕಾರ ಗಣರಾಜ್ಯ. ಆದರೂ ಅದರ ಲಾಂಛನದ ಮೇಲೆ ಕಿರೀಟವಿದೆ, ರಾಷ್ಟ್ರಗೀತೆ ಅರಸೊತ್ತಿಗೆಯ ಕಾಲದ್ದು, ಬೆಲ್ಗ್ರೇಡಿನ ದೆದಿನ್ಯೆ ಗುಡ್ಡದ ಅರಮನೆಯಲ್ಲಿ ಕೊನೆಯ ರಾಜ ಎರಡನೆಯ ಪೀಟರನ ಮಗ, ಹಳೆಯ ಯುವರಾಜ ಅಲೆಕ್ಸಾಂಡರ್ ಕರಾಜೋರ್ಜೆವಿಚ್ 2001ರಿಂದ ವಾಸವಾಗಿದ್ದಾರೆ. ಅವರಿಗೆ ಅಧಿಕಾರವಿಲ್ಲ, ಹುದ್ದೆಯೂ ಇಲ್ಲ. ಹಾಗೆಂದು ಅವರನ್ನು ಸಾಮಾನ್ಯ ನಾಗರಿಕರ ಸಾಲಿಗೆ ಸೇರಿಸುವುದೂ ಕಷ್ಟ. ರಾಜಪ್ರಭುತ್ವ ಒಳ್ಳೆಯದೋ ಕೆಟ್ಟದ್ದೋ ಎಂಬ ಸಾಮಾನ್ಯ ವಾದವನ್ನು ಬದಿಗಿಟ್ಟು, ಈ ಒಂದು ಕುಟುಂಬ ಅಲ್ಲಿನ ಸಮಾಜದಲ್ಲಿ ಇಂದು ನಿಜವಾಗಿ ಏನು ಮಾಡುತ್ತಿದೆ, ಜನ ಅದನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಹಳೆಯ ಕಡತ

ಶರಾವತಿಯವರ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಕರಾಜೋರ್ಜೆವಿಚ್ ಮನೆತನ ಯುರೋಪಿನ ಉಳಿದ ಅನೇಕ ರಾಜವಂಶಗಳಂತೆ ಶತಮಾನಗಳ ವಂಶವೃಕ್ಷ ಹಿಡಿದು ಬಂದದ್ದಲ್ಲ. ಮೂಲಪುರುಷ ಕರಾಜೋರ್ಜೆ ಜಾನುವಾರು ವ್ಯಾಪಾರಿಯಾಗಿದ್ದವನು. 1804ರಲ್ಲಿ ಒರಾಶಾತ್ಸ್ ಎಂಬ ಹಳ್ಳಿಯಲ್ಲಿ ಸೇರಿದ ಮುಖಂಡರು ಒಟ್ಟೋಮನ್ ಆಳ್ವಿಕೆಯ ವಿರುದ್ಧದ ದಂಗೆಗೆ ಅವನನ್ನು ನಾಯಕನನ್ನಾಗಿ ಆರಿಸಿದರು. ದಂಗೆ 1813ರಲ್ಲಿ ಮುರಿದುಬಿತ್ತು. ದೇಶ ಬಿಟ್ಟು ಹೋಗಿದ್ದ ಆತ 1817ರಲ್ಲಿ ಗುಟ್ಟಾಗಿ ಮರಳಿದಾಗ, ಎರಡನೆಯ ದಂಗೆಯ ನಾಯಕ ಮಿಲೋಶ್ ಒಬ್ರೆನೊವಿಚನ ಆಣತಿಯಂತೆ ಅವನ ಕೊಲೆಯಾಯಿತು, ತಲೆಯನ್ನು ಸುಲ್ತಾನನಿಗೆ ಕಳುಹಿಸಲಾಯಿತು. ಆ ನೆತ್ತರಿನ ಹಗೆ ಮುಂದೆ ನೂರು ವರ್ಷಗಳ ಸೆರ್ಬಿಯನ್ ರಾಜಕಾರಣವನ್ನೇ ನಡೆಸಿತು.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಈ ಎರಡು ಮನೆತನಗಳ ನಡುವೆ ಸಿಂಹಾಸನ ಅತ್ತಿತ್ತ ಹೋದಾಗಲೆಲ್ಲ ಅದಕ್ಕೆ ಮುದ್ರೆ ಒತ್ತಿದ್ದು ಜನಪ್ರತಿನಿಧಿಗಳ ಸಭೆ. 1842ರಲ್ಲಿ ಕರಾಜೋರ್ಜೆಯ ಮಗನನ್ನು ಅರಸನನ್ನಾಗಿ ಆರಿಸಿದ್ದು ಸಭೆ, 1858ರಲ್ಲಿ ಅವನನ್ನೇ ಇಳಿಸಿದ್ದೂ ಸಭೆ. 1903ರಲ್ಲಿ ಸೇನಾಧಿಕಾರಿಗಳು ರಾಜ ಅಲೆಕ್ಸಾಂಡರ್ ಒಬ್ರೆನೊವಿಚ್ ಮತ್ತು ರಾಣಿ ದ್ರಾಗಾ ಇಬ್ಬರನ್ನೂ ಅರಮನೆಯಲ್ಲೇ ಕೊಂದ ಮೇಲೆ, ಜಿನೀವಾದಲ್ಲಿದ್ದ ಪೀಟರ್ ಕರಾಜೋರ್ಜೆವಿಚನನ್ನು ಕರೆಸಿಕೊಳ್ಳಲು ತೀರ್ಮಾನಿಸಿದ್ದೂ ಸಂಸತ್ತೇ. ದೈವದತ್ತ ಹಕ್ಕು ಎನ್ನುವ ಮಾತಿಗೆ ಆ ಮಣ್ಣಿನಲ್ಲಿ ಬೇರು ಆಳವಾಗಿ ಇಳಿಯಲೇ ಇಲ್ಲ. ಸಭೆ ಕೊಟ್ಟ ಕಿರೀಟವನ್ನು ಸಭೆಯೇ ಹಿಂದಕ್ಕೆ ಪಡೆಯಬಹುದು ಎಂಬುದು ಅಲ್ಲಿನ ಪರಂಪರೆ.

ಆದ್ದರಿಂದಲೇ 1945ರ ನವೆಂಬರ್ 29ರ ತೀರ್ಮಾನದ ಬಗ್ಗೆ ಇಂದಿಗೂ ತಕರಾರಿದೆ. ಅಂದು, ಸೆರ್ಬಿಯ ಆಗ ಭಾಗವಾಗಿದ್ದ ಯುಗೊಸ್ಲಾವಿಯದ ಸಂವಿಧಾನ ಸಭೆ ರಾಜಪ್ರಭುತ್ವವನ್ನು ರದ್ದುಪಡಿಸಿತು. ಆದರೆ ಆ ಸಭೆಯ ಚುನಾವಣೆಯನ್ನು ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು, ಕಣದಲ್ಲಿದ್ದದ್ದು ಕಮ್ಯುನಿಸ್ಟರ ನೇತೃತ್ವದ ಒಂದೇ ರಂಗ, ಜನಮತಗಣನೆಯಂತೂ ನಡೆಯಲೇ ಇಲ್ಲ. ರಾಜಪಕ್ಷಪಾತಿಗಳ ವಾದಕ್ಕೆ ಗಟ್ಟಿ ನೆಲೆ ಇರುವುದು ಇದೊಂದೇ ಕಡೆ ಎಂದು ನನಗನಿಸುತ್ತದೆ.

ಡ್ಯಾನ್ಯೂಬ್ ದಂಡೆ

ನಾನು ಬೆಲ್ಗ್ರೇಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬೇಸಿಗೆಯ ವಾರಾಂತ್ಯಗಳಲ್ಲಿ ದೆದಿನ್ಯೆಯ ಅರಮನೆಗಳನ್ನು ಗುಂಪುಗುಂಪಾಗಿ ತೋರಿಸುತ್ತಾರೆ, ನಾನೂ ನೋಡಿ ಬಂದಿದ್ದೇನೆ. ಅಲ್ಲಿರುವುದು ಎರಡು ಅರಮನೆ. 1920ರ ದಶಕದಲ್ಲಿ ಇಂದಿನ ಅಲೆಕ್ಸಾಂಡರ್ ಅವರ ಅಜ್ಜ, ರಾಜ ಒಂದನೆಯ ಅಲೆಕ್ಸಾಂಡರ್ ಕಟ್ಟಿಸಿದ ರಾಜಭವನ ಒಂದು, 1930ರ ದಶಕದಲ್ಲಿ ಎದ್ದ ಬಿಳಿ ಅರಮನೆ ಇನ್ನೊಂದು. ಮೇಲಿನ ಕೋಣೆಗಳು ಯಾವ ಯುರೋಪಿಯನ್ ಅರಮನೆಯಲ್ಲಾದರೂ ಕಾಣುವಂಥವು. ನೆಲಮಾಳಿಗೆಯೇ ಬೇರೆ. ಕಮಾನು ಛಾವಣಿಯ ತುಂಬ ರಷ್ಯನ್ ಕಲಾವಿದರು ಬಿಡಿಸಿದ ವರ್ಣಚಿತ್ರಗಳು, ಕೆಂಪು ಮತ್ತು ಹೊನ್ನಿನ ಬಣ್ಣ ಎಷ್ಟು ದಟ್ಟವಾಗಿದೆಯೆಂದರೆ ಕಣ್ಣು ಹೊಂದಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಒಂದು ಮೂಲೆಯಲ್ಲಿ ಪಿಸುಮಾತಿನ ಕೋಣೆ ಎಂದು ಕರೆಯುವ ಸಣ್ಣ ಜಾಗವಿದೆ. ಅಲ್ಲಿನ ಕಾರಂಜಿಯ ನೀರಿನ ಸದ್ದಿನಲ್ಲಿ ಒಳಗಿನವರ ಮಾತು ಹೊರಗಿನವರಿಗೆ ಕೇಳಿಸದು. ಪಕ್ಕದಲ್ಲೇ ಸಿನಿಮಾ ಕೋಣೆ. ರಾಜನ ಕಾಲ ಮುಗಿದ ಮೇಲೆ ಈ ಆವರಣವನ್ನು ಯುಗೊಸ್ಲಾವಿಯದ ಕಮ್ಯುನಿಸ್ಟ್ ನಾಯಕ ಟಿಟೊ ಬಳಸಿದರು, ಅವರ ನಂತರ, 2000ದಲ್ಲಿ ಅಧಿಕಾರ ಕಳೆದುಕೊಂಡ ಮಿಲೊಶೆವಿಚ್ ಕೂಡ. ಅರಸರನ್ನು ಓಡಿಸಿದವರು ಅರಮನೆಯನ್ನು ಮಾತ್ರ ಬಿಡಲಿಲ್ಲ.

ಜನ ಹೇಗೆ ಕಾಣುತ್ತಾರೆ ಎಂದು ಶರಾವತಿಯವರು ಕೇಳಿದ್ದಾರೆ. ನನ್ನ ಸಹೋದ್ಯೋಗಿಗಳ ಮಟ್ಟಿಗೆ ಹೇಳುವುದಾದರೆ ದ್ವೇಷವಿಲ್ಲ, ಭಕ್ತಿಯೂ ಇಲ್ಲ. ಕ್ರಿಸ್‌ಮಸ್ ಮತ್ತು ಈಸ್ಟರ್ ಸಮಯದಲ್ಲಿ ಅರಮನೆಯಲ್ಲಿ ಮಕ್ಕಳಿಗೆ ಉಡುಗೊರೆ ಹಂಚುವ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವೆ. ಶಾಲೆಗಳಲ್ಲಿ ಮೊದಲಿಗರಾಗಿ ತೇರ್ಗಡೆಯಾದ ವಿದ್ಯಾರ್ಥಿಗಳನ್ನು ಕರೆದು ಸತ್ಕರಿಸುವ ವಾಡಿಕೆಯೂ ಇದೆ. ಆ ಸತ್ಕಾರಕ್ಕೆ ಹೋಗಿದ್ದ ಒಬ್ಬ ಕಿರಿಯ ಸಹೋದ್ಯೋಗಿಗೆ ಅದು ಹೆಮ್ಮೆಯ ನೆನಪು, ಆದರೆ ಅವನು ಗಣರಾಜ್ಯವಾದಿಯೇ.

ಕಾನೂನು ಕಟ್ಟೆ

ಅರಮನೆಯ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಇಡೀ ವಿಷಯದ ಗಂಟು ಅಲ್ಲೇ ಇದೆ. 1947ರಲ್ಲಿ ಟಿಟೊ ಆಡಳಿತ ರಾಜಕುಟುಂಬದ ಪೌರತ್ವವನ್ನು ಕಿತ್ತುಕೊಂಡು ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಮಿಲೊಶೆವಿಚ್ ಪತನವಾದ ಮೇಲೆ, 2001ರ ಆರಂಭದಲ್ಲಿ, ಪೌರತ್ವ ಮರಳಿತು. ಅದೇ ಜುಲೈ 17ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅಲೆಕ್ಸಾಂಡರ್ ಕುಟುಂಬ ಸಮೇತ ಅರಮನೆಗೆ ಬಂದು ನೆಲೆಸಿದರು. ಆದರೆ ಸಿಕ್ಕಿದ್ದು ವಾಸದ ಅವಕಾಶ, ಒಡೆತನವಲ್ಲ. ಕಟ್ಟಡ ಸರ್ಕಾರದ್ದು, ನಿರ್ವಹಣೆಗೆ ಸರ್ಕಾರದ ಹಣ ಹೋಗುತ್ತದೆ, ಒಳಗಿರುವವರು ಮಾತ್ರ ಯಾವ ಸರ್ಕಾರಿ ಹುದ್ದೆಯನ್ನೂ ಹೊಂದಿಲ್ಲ. 2011ರಲ್ಲಿ ಮುಟ್ಟುಗೋಲು ಆಸ್ತಿಗಳ ಮರಳಿಕೆ ಮತ್ತು ಪರಿಹಾರದ ಕಾನೂನು ಬಂದ ನಂತರವೂ ಈ ಆವರಣದ ಮಾಲೀಕತ್ವದ ಪ್ರಶ್ನೆ ಹಾಗೆಯೇ ಉಳಿದಿದೆ.

ರಾಜಭವನವನ್ನು ಒಂದನೆಯ ಅಲೆಕ್ಸಾಂಡರ್ ಸ್ವಂತ ಹಣದಿಂದ ಕಟ್ಟಿಸಿದರೆಂಬುದು ಕುಟುಂಬದ ವಾದ. ಆದರೆ ಆಳುವ ರಾಜನ ಸ್ವಂತ ಹಣ ಎಲ್ಲಿಗೆ ಮುಗಿಯುತ್ತದೆ, ಬೊಕ್ಕಸದ ಹಣ ಎಲ್ಲಿಂದ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಯಾವ ನ್ಯಾಯಾಲಯಕ್ಕೂ ಸುಲಭವಲ್ಲ.

ನೆರೆಯ ಮೊಂಟೆನೆಗ್ರೊ ಈ ಗೊಂದಲವನ್ನು ನೇರವಾಗಿ ಎದುರಿಸಿತು. 2011ರಲ್ಲಿ ಅಲ್ಲಿನ ಸಂಸತ್ತು ಪೆತ್ರೊವಿಚ್-ನ್ಯೆಗೋಶ್ ರಾಜವಂಶದ ವಾರಸುದಾರರ ಸ್ಥಾನಮಾನದ ಬಗ್ಗೆಯೇ ಒಂದು ಕಾನೂನು ಮಾಡಿತು. ಮನೆತನದ ಹಿರಿಯರಿಗೆ ಸಾಂಸ್ಕೃತಿಕ ಮತ್ತು ಮಾನವೀಯ ಕೆಲಸಗಳಲ್ಲಿ ಒಂದು ಗೊತ್ತಾದ ಪಾತ್ರ ಮತ್ತು ಅದಕ್ಕೆ ತಕ್ಕ ಸಂಭಾವನೆ ಸಿಕ್ಕಿತು, ದೇಶ ಗಣರಾಜ್ಯವಾಗಿಯೇ ಉಳಿಯಿತು. ಸೆರ್ಬಿಯ ಮಾತ್ರ ಅರಮನೆಯ ಬಾಗಿಲು ತೆರೆದು, ಒಳಗೆ ಬಂದವರು ಯಾರೆಂದು ಬರೆದಿಡುವುದನ್ನು ಮರೆತಂತಿದೆ.

ಅಂಚೆಚೀಟಿ

ನನಗೆ ಈ ಕುಟುಂಬದ ಪರಿಚಯವಾದದ್ದು ಅಂಚೆಚೀಟಿಗಳಿಂದ. 1934ರಲ್ಲಿ ಒಂದನೆಯ ಅಲೆಕ್ಸಾಂಡರ್ ಮಾರ್ಸೇಲ್ಸ್‌ನಲ್ಲಿ ಹತ್ಯೆಯಾದಾಗ ಮಗ ಎರಡನೆಯ ಪೀಟರನಿಗೆ 11 ವರ್ಷ. ಮರುವರ್ಷದಿಂದ ಯುಗೊಸ್ಲಾವಿಯದ ಚೀಟಿಗಳ ಮೇಲೆ ಆ ಹುಡುಗನ ಮುಖ ಬರತೊಡಗಿತು. ನನ್ನ ಸಂಗ್ರಹದಲ್ಲಿ 1941ರ ಒಂದು ಚೀಟಿಯಿದೆ. ಜರ್ಮನರು ದೇಶವನ್ನು ಆಕ್ರಮಿಸಿದ ಮೇಲೆ ಹಳೆಯ ದಾಸ್ತಾನಿನ ಚೀಟಿಗಳ ಮೇಲೆಯೇ ಜರ್ಮನ್ ಭಾಷೆಯಲ್ಲಿ ‘ಸೆರ್ಬಿಯೆನ್’ ಎಂದು ಕಪ್ಪು ಅಕ್ಷರದಲ್ಲಿ ಒತ್ತಿದ್ದರು. ಅಕ್ಷರಗಳ ಅಡಿಯಲ್ಲಿ ರಾಜನ ಮುಖ ಇನ್ನೂ ಕಾಣುತ್ತದೆ.

ಅವನ ಮುಂದಿನ ಬದುಕು ಇಂದಿನ ಚರ್ಚೆಗೂ ಸಂಬಂಧಿಸಿದ್ದು. 1941ರ ಮಾರ್ಚ್ 27ರ ಸೇನಾಕ್ರಾಂತಿ, ಬಾಲಕ ರಾಜನ ಪರವಾಗಿ ಆಳುತ್ತಿದ್ದ ರಾಜಪ್ರತಿನಿಧಿ ಪಾಲ್‌ನನ್ನು ಇಳಿಸಿ, 17 ವರ್ಷದ ಪೀಟರನನ್ನು ಪ್ರಾಪ್ತವಯಸ್ಕನೆಂದು ಸಾರಿತು. ಕೆಲವೇ ದಿನಗಳಲ್ಲಿ ಬೆಲ್ಗ್ರೇಡ್ ಮೇಲೆ ಬಾಂಬು ಬಿದ್ದವು, ರಾಜ ದೇಶ ಬಿಟ್ಟ. ಲಂಡನ್ನಿನಲ್ಲಿದ್ದುಕೊಂಡು, ದೇಶದೊಳಗಿನ ರಾಜಪರ ಹೋರಾಟಗಾರರ ನಾಯಕ ದ್ರಾಜಾ ಮಿಹೈಲೊವಿಚನನ್ನು ತನ್ನ ಮಂತ್ರಿಯನ್ನಾಗಿ ಮಾಡಿದ. ಕೊನೆಗೆ 1944ರ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು, ಎಲ್ಲರೂ ಟಿಟೊನ ಸೈನ್ಯವನ್ನು ಸೇರಿ ಎಂದು ರೇಡಿಯೋದಲ್ಲಿ ಕರೆ ಕೊಟ್ಟ. ರಾಜನಿಗಾಗಿ ಹೋರಾಡುತ್ತಿದ್ದವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿರಲಾರದು. ಮರುವರ್ಷ ಅದೇ ಟಿಟೊ ಪೀಟರನ ಸಿಂಹಾಸನವನ್ನೇ ತೆಗೆದುಹಾಕಿದ.

ಪೀಟರ್ 1970ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಇಲಿನಾಯ್ ರಾಜ್ಯದ ಲಿಬರ್ಟಿವಿಲ್‌ನ ಸಂತ ಸಾವಾ ಮಠದಲ್ಲಿ ಮಣ್ಣಾದ. ಅವನ ಅಸ್ಥಿಯನ್ನು ಬೆಲ್ಗ್ರೇಡಿಗೆ ತಂದದ್ದು 2013ರ ಜನವರಿಯಲ್ಲಿ. ಮೇ 26ರಂದು ತಾಯಿ ಮರಿಯಾ, ಪತ್ನಿ ಅಲೆಕ್ಸಾಂಡ್ರಾ, ತಮ್ಮ ಆಂದ್ರೇ ಇವರ ಅವಶೇಷಗಳ ಜೊತೆ ಒಪ್ಲೆನಾತ್ಸ್‌ನ ಕುಟುಂಬ ಸಮಾಧಿಯಲ್ಲಿ ಸರ್ಕಾರಿ ಗೌರವದೊಂದಿಗೆ ಇರಿಸಲಾಯಿತು. ಆಗ ಪ್ರಧಾನಿಯಾಗಿದ್ದವರು ಇವಿತ್ಸಾ ದಾಚಿಚ್. ಅವರು ಹಿಂದೆ ಮಿಲೊಶೆವಿಚರ ಪಕ್ಷದ ವಕ್ತಾರರಾಗಿದ್ದವರು, ಈಗ ಆ ಪಕ್ಷದ ನಾಯಕರು. ಟಿಟೊ ಪಕ್ಷದ ನೇರ ಉತ್ತರಾಧಿಕಾರಿಯಾದ ಪಕ್ಷದ ನಾಯಕನ ಸರ್ಕಾರವೇ ಟಿಟೊ ಹೊರಹಾಕಿದ ರಾಜನನ್ನು ಬರಮಾಡಿಕೊಂಡಿತು.

ಹಳೆಯ ಕಡತ

ಅಂಚೆಚೀಟಿಯವರ ಕೊನೆಯ ಮಾತಿಗೆ ಒಂದು ಸೇರ್ಪಡೆ. ಸತ್ತ ರಾಜರನ್ನು ಮರಳಿ ತರುವುದು ಸರ್ಕಾರಗಳಿಗೆ ಸುಲಭ, ಏಕೆಂದರೆ ಅವರು ಆಸ್ತಿ ಕೇಳುವುದಿಲ್ಲ, ಹೇಳಿಕೆ ಕೊಡುವುದಿಲ್ಲ. 1945ರಲ್ಲಿ ಯುದ್ಧಾಪರಾಧಿ ಎಂದು ಘೋಷಿತನಾಗಿದ್ದ ರಾಜಪ್ರತಿನಿಧಿ ಪಾಲ್‌ಗೆ 2011ರಲ್ಲಿ ಬೆಲ್ಗ್ರೇಡಿನ ನ್ಯಾಯಾಲಯ ಕಳಂಕಮುಕ್ತಿ ನೀಡಿತು, 2012ರಲ್ಲಿ ಅವನ ಅವಶೇಷಗಳೂ ಒಪ್ಲೆನಾತ್ಸ್ ಸೇರಿದವು. 1903ರಲ್ಲಿ ಅರಸನಾದ ಮೊದಲನೆಯ ಪೀಟರನಂತೂ ಬಹುಕಾಲದಿಂದ ಜನರ ಮೆಚ್ಚಿನವನು. 1915ರ ಚಳಿಗಾಲದಲ್ಲಿ ಸೋತ ಸೈನ್ಯ ಅಲ್ಬೇನಿಯದ ಹಿಮದ ಬೆಟ್ಟಗಳನ್ನು ದಾಟುವಾಗ ಎಪ್ಪತ್ತು ದಾಟಿದ ಆ ಮುದುಕನೂ ಜೊತೆಯಲ್ಲಿದ್ದ. ಅವನ ಕಿರೀಟಕ್ಕೆ ಬಳಸಿದ್ದು ಕರಾಜೋರ್ಜೆಯ ಫಿರಂಗಿಯ ಕಂಚು.

ಬದುಕಿರುವವರ ವಿಷಯ ಬಂದಾಗ ಚಿತ್ರ ಬೇರೆಯಾಗುತ್ತದೆ. ಆದರೂ ಅಲೆಕ್ಸಾಂಡರ್ ಒಮ್ಮೆ ನಿಜವಾದ ರಾಜಕೀಯ ಕೆಲಸ ಮಾಡಿದ್ದರು ಎಂಬುದನ್ನು ಮರೆಯಬಾರದು. 1999ರ ಕೊನೆಯಲ್ಲಿ ಬುಡಾಪೆಸ್ಟ್‌ನಲ್ಲಿ, ನಂತರ ಅಥೆನ್ಸ್‌ನಲ್ಲಿ, ಒಬ್ಬರ ಮುಖ ಒಬ್ಬರು ನೋಡದಂತಿದ್ದ ಸೆರ್ಬಿಯನ್ ವಿರೋಧ ಪಕ್ಷದ ನಾಯಕರನ್ನು ಅವರು ಒಂದೆಡೆ ಸೇರಿಸಿದರು. ಯಾವ ಪಕ್ಷಕ್ಕೂ ಸೇರದವರೊಬ್ಬರು ಕರೆದರೆ ಎಲ್ಲರೂ ಬರಬಹುದಿತ್ತು. 2000ದ ಅಕ್ಟೋಬರ್ 5ರಂದು ಮಿಲೊಶೆವಿಚ್ ಬಿದ್ದದ್ದಕ್ಕೆ ಅದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ರಾಜನಿಲ್ಲದ ದೇಶದಲ್ಲಿ ಯುವರಾಜನೊಬ್ಬ ಏನು ಮಾಡಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

ನಿಷ್ಠುರ

ಇಲ್ಲಿಯವರೆಗಿನ ಮಾತುಗಳಲ್ಲಿ ಭಾವುಕತೆ ಸ್ವಲ್ಪ ಹೆಚ್ಚಾಯಿತು ಎಂದು ಹೇಳಲು ಅನುಮತಿ ಕೊಡಿ. ಒಂದನೆಯ ಅಲೆಕ್ಸಾಂಡರನ ಬಗ್ಗೆ ಅರಮನೆ ಕಟ್ಟಿಸಿದವನು, ಹತ್ಯೆಯಾದವನು ಎಂದಷ್ಟೇ ಬಂದಿದೆ. 1928ರಲ್ಲಿ ಬೆಲ್ಗ್ರೇಡಿನ ಸಂಸತ್ತಿನೊಳಗೇ ಕ್ರೊಯೇಷಿಯದ ರೈತನಾಯಕ ಸ್ತ್ಯೆಪಾನ್ ರಾದಿಚ್‌ಗೆ ಗುಂಡು ತಗುಲಿತು, ಮುಂದೆ ಆ ಗಾಯದಿಂದಲೇ ಆತ ಸತ್ತ. 1929ರ ಜನವರಿ 6ರಂದು ಈ ರಾಜ ಸಂವಿಧಾನವನ್ನು ಬದಿಗೊತ್ತಿ ಸರ್ವಾಧಿಕಾರ ಹೇರಿದ. ಆ ದಿನಗಳು ಸೆರ್ಬಿಯದ ಗಡಿಯಾಚೆ ಇನ್ನೂ ನೆನಪಿನಲ್ಲಿವೆ.

ಗಡಿಯೊಳಗೂ ಸಮಸ್ಯೆಯಿದೆ. ರಾಜಕುಟುಂಬದ ಪ್ರತಿಯೊಂದು ಆಚರಣೆಯೂ ಸೆರ್ಬಿಯನ್ ಆರ್ಥಡಾಕ್ಸ್ ಚರ್ಚಿನೊಂದಿಗೆ ಹೆಣೆದುಕೊಂಡಿದೆ, ಮಠಾಧಿಪತಿಗಳ ಹಾರೈಕೆಯೂ ಅವರಿಗಿದೆ. ವೊಯ್ವೊದಿನಾದ ಹಂಗೇರಿಯನ್ನರಿಗೆ, ಸಂಜಾಕ್‌ನ ಬೊಸ್ನಿಯಾಕ್ ಮುಸಲ್ಮಾನರಿಗೆ, ದಕ್ಷಿಣದ ಪ್ರೆಶೆವೊ ಕಣಿವೆಯ ಅಲ್ಬೇನಿಯನ್ನರಿಗೆ ಈ ಮನೆತನ ಹೇಗೆ ತಮ್ಮದೆನಿಸಬೇಕು? ದೇಶದ ಐಕ್ಯದ ಸಂಕೇತವಾಗುತ್ತೇವೆ ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಇನ್ನು ಜನಮನ್ನಣೆ. ರಾಜಪ್ರತಿನಿಧಿ ಪಾಲ್‌ನ ಮಗಳು ಎಲಿಸಬೆತ್ 2004ರಲ್ಲಿ ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತರು. ಸಿಕ್ಕಿದ್ದು ಶೇಕಡಾ 2ರಷ್ಟು ಮತ. ರಕ್ತದ ಹೆಸರು ಮತಪೆಟ್ಟಿಗೆಯಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ಯಾವುದಿದೆ?

ಹಳೆಯ ಕಡತ

ನಿಷ್ಠುರ ಅವರೇ, 1929ರ ಬಗ್ಗೆ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಎಲಿಸಬೆತ್ ಅವರ ಮತಗಳನ್ನು ಅಳತೆಗೋಲು ಮಾಡುವುದನ್ನು ಮಾತ್ರ ಒಪ್ಪಲಾರೆ. ಅವರು ಗಣರಾಜ್ಯದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು. ರಾಜಪಕ್ಷಪಾತಿ ಮತದಾರನಿಗೆ ಅದೇ ವಿಚಿತ್ರವಾಗಿ ಕಂಡಿರಬಹುದು, ಗಣರಾಜ್ಯವಾದಿಗೆ ರಾಜಕುಮಾರಿ ಬೇಕಿರಲಿಲ್ಲ. ಬಲ್ಗೇರಿಯದಲ್ಲಿ ಮಾಜಿ ರಾಜ ಸಿಮಿಯೋನ್ ಪಕ್ಷ ಕಟ್ಟಿ 2001ರಲ್ಲಿ ಗೆದ್ದು ನಾಲ್ಕು ವರ್ಷ ಪ್ರಧಾನಿಯಾಗಿದ್ದರು. ಅಧಿಕಾರದಿಂದ ಇಳಿದ ಮೇಲೆ ಅವರ ಪಕ್ಷವೂ ಕರಗಿಹೋಯಿತು, ರಾಜಪ್ರಭುತ್ವದ ಮಾತೂ ಕರಗಿತು. ಅಲೆಕ್ಸಾಂಡರ್ ಪಕ್ಷರಾಜಕಾರಣದಿಂದ ದೂರ ಉಳಿದದ್ದು ಜಾಣತನ ಎಂದೇ ನನ್ನ ಎಣಿಕೆ.

ಶರಾವತಿ

ಎಲ್ಲರ ವಿವರಗಳಿಗೂ ಧನ್ಯವಾದಗಳು. ಅವರ ಸೇವಾಕಾರ್ಯಗಳ ಬಗ್ಗೆಯೂ, ಮುಂದಿನ ತಲೆಮಾರಿನ ಬಗ್ಗೆಯೂ ತಿಳಿಯುವ ಆಸೆಯಿದೆ. ಮಕ್ಕಳು ಹೊರದೇಶಗಳಲ್ಲೇ ಬೆಳೆದವರಲ್ಲವೇ?

ಡ್ಯಾನ್ಯೂಬ್ ದಂಡೆ

ಹೌದು ಮೇಡಂ. ಅಲೆಕ್ಸಾಂಡರ್ ಅವರೇ 1945ರಲ್ಲಿ ಹುಟ್ಟಿದ್ದು ಲಂಡನ್ನಿನ ಕ್ಲಾರಿಜಸ್ ಹೋಟೆಲಿನಲ್ಲಿ. ವಾರಸುದಾರ ಸ್ವದೇಶದ ನೆಲದಲ್ಲೇ ಹುಟ್ಟಲೆಂದು ಬ್ರಿಟಿಷ್ ಸರ್ಕಾರ ಆ ಕೋಣೆಯನ್ನು ಒಂದು ದಿನದ ಮಟ್ಟಿಗೆ ಯುಗೊಸ್ಲಾವಿಯಕ್ಕೆ ಬಿಟ್ಟುಕೊಟ್ಟಿತ್ತು ಎಂಬ ಕತೆ ಎಲ್ಲೆಡೆ ಕೇಳಿಬರುತ್ತದೆ, ದಾಖಲೆಯ ಬಲ ಅದಕ್ಕೆ ಸಾಲದು. ಅವರು ಬೆಲ್ಗ್ರೇಡನ್ನು ಮೊದಲು ಕಂಡದ್ದು 1991ರಲ್ಲಿ, 46ರ ವಯಸ್ಸಿನಲ್ಲಿ. ಅವರ ಸೆರ್ಬಿಯನ್ ಮಾತು ತಡವರಿಸುತ್ತದೆ ಎಂದು ಜನ ಇಂದಿಗೂ ನಗೆಯಾಡುತ್ತಾರೆ. ರಾಜನಾಗಲು ಬಂದವರಿಗೆ ಅದು ಸಣ್ಣ ಕೊರತೆಯಲ್ಲ.

ಎರಡನೆಯ ಮಗ ಫಿಲಿಪ್ ಅವರ ಕತೆ ಬೇರೆ. 2017ರ ಅಕ್ಟೋಬರಿನಲ್ಲಿ ಅವರು ಸೆರ್ಬಿಯದ ಚಿತ್ರಕಲಾವಿದರೊಬ್ಬರ ಮಗಳಾದ ದನಿತ್ಸಾ ಅವರನ್ನು ಬೆಲ್ಗ್ರೇಡಿನ ಹಳೆಯ ಕ್ಯಾಥೆಡ್ರಲ್‌ನಲ್ಲಿ ಮದುವೆಯಾದರು. 1920ರ ದಶಕದ ಬಳಿಕ ಈ ಊರು ಅಂಥ ರಾಜವಿವಾಹ ಕಂಡಿರಲಿಲ್ಲ. 2018ರ ಫೆಬ್ರುವರಿಯಲ್ಲಿ ಮಗ ಸ್ತೆಫಾನ್ ಇಲ್ಲಿಯೇ ಹುಟ್ಟಿದ. 2020ರಲ್ಲಿ ದಂಪತಿ ಲಂಡನ್ ಬಿಟ್ಟು ಇಲ್ಲಿಗೇ ಬಂದು ನೆಲೆಸಿದರು. ಫಿಲಿಪ್ ಬಿಟ್‌ಕಾಯಿನ್ ಪರವಾಗಿ ಬಹಿರಂಗವಾಗಿ ಮಾತನಾಡುವವರು, ಆ ಕ್ಷೇತ್ರದ ಕಂಪನಿಯೊಂದರಲ್ಲಿ ಕೆಲಸವನ್ನೂ ಮಾಡುತ್ತಾರೆ. ನಮ್ಮ ಕಚೇರಿಯ ಹುಡುಗರಿಗೆ ಅವರ ಹೆಸರು ಗೊತ್ತಿರುವುದು ರಾಜವಂಶದಿಂದಲ್ಲ, ಬಿಟ್‌ಕಾಯಿನ್‌ನಿಂದ.

ಸೇವಾಕಾರ್ಯದ ಮಟ್ಟಿಗೆ ಹೆಚ್ಚಿನ ಹೊಣೆ ಅಲೆಕ್ಸಾಂಡರ್ ಅವರ ಪತ್ನಿ ಕ್ಯಾಥರೀನ್ ಅವರದು. 1990ರ ದಶಕದ ಆರ್ಥಿಕ ದಿಗ್ಬಂಧನದ ನಡುವೆ, 1993ರಲ್ಲಿ, ಅವರು ಲೈಫ್‌ಲೈನ್ ಎಂಬ ಸಂಸ್ಥೆ ಕಟ್ಟಿದರು. ಹೊರದೇಶದ ಸೆರ್ಬಿಯನ್ನರಿಂದ ಹಣ ಮತ್ತು ಸಲಕರಣೆ ಕೂಡಿಸಿ ಇಲ್ಲಿನ ಆಸ್ಪತ್ರೆಗಳಿಗೆ ಕಳುಹಿಸುವ ಕೆಲಸ ಇಂದಿಗೂ ನಡೆದಿದೆ. ರಾಜತ್ವದ ಬಗ್ಗೆ ಎಳ್ಳಷ್ಟೂ ಆಸಕ್ತಿಯಿಲ್ಲದವರೂ ಇದನ್ನು ಗೌರವದಿಂದ ನೆನೆಯುವುದನ್ನು ಕೇಳಿದ್ದೇನೆ.

ನಿಷ್ಠುರ

ಆಸ್ಪತ್ರೆಗೆ ಯಂತ್ರ ಕೊಡಿಸುವುದು ಒಳ್ಳೆಯ ಕೆಲಸ, ಅದನ್ನು ಅಲ್ಲಗಳೆಯುವಷ್ಟು ನಿಷ್ಠುರ ನಾನಲ್ಲ. ಆದರೆ ಆಸ್ಪತ್ರೆಗೆ ಯಂತ್ರ ಒದಗಿಸುವುದು ಆರೋಗ್ಯ ಇಲಾಖೆಯ ಕರ್ತವ್ಯ. ಇಲಾಖೆ ಎಡವಿದ ಕಡೆ ರಾಜಕುಮಾರಿ ನಿಂತು ಫೋಟೊ ತೆಗೆಸಿಕೊಂಡರೆ, ಎಡವಿದವರನ್ನು ಯಾರೂ ಕೇಳುವುದಿಲ್ಲ. ಸರ್ಕಾರಗಳು ಈ ಕುಟುಂಬವನ್ನು ಸಹಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಎಂಬ ಗುಮಾನಿ ನನಗಿದೆ.

ಕಾನೂನು ಕಟ್ಟೆ

ಮುಂದಿನ ತಲೆಮಾರಿನ ಬಗ್ಗೆ ಒಂದು ಸ್ವಾರಸ್ಯಕರ ಘಟನೆ ಉಳಿದುಹೋಗಿದೆ. ಹಿರಿಯ ಮಗ ಪೀಟರ್ 2022ರ ಏಪ್ರಿಲ್‌ನಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿ ಒಂದು ಪತ್ರಕ್ಕೆ ಸಹಿ ಹಾಕಿ ತಮ್ಮ ವಾರಸು ಹಕ್ಕನ್ನು ತ್ಯಜಿಸಿದರು. ಅದರಿಂದ ಫಿಲಿಪ್ ಮುಂದಿನ ವಾರಸುದಾರರಾದರು. ತಂದೆ ಅಲೆಕ್ಸಾಂಡರ್ ಇದಕ್ಕೆ ವಿಷಾದ ಸೂಚಿಸಿದರು. ಕಾನೂನಿನ ಕಣ್ಣಿನಿಂದ ನೋಡಿದರೆ ಪೀಟರ್ ತ್ಯಜಿಸಿದ್ದು ಏನನ್ನು? 1945ರಿಂದ ಇಲ್ಲದ ಸಿಂಹಾಸನದ ಮೇಲಿನ ಹಕ್ಕನ್ನು. ಸೆರ್ಬಿಯದ ಯಾವ ಕಚೇರಿಯೂ ಆ ಪತ್ರವನ್ನು ದಾಖಲಿಸಿಕೊಳ್ಳಬೇಕಾಗಿಲ್ಲ, ತಿರಸ್ಕರಿಸಬೇಕಾಗಿಯೂ ಇಲ್ಲ. ಹಾಗಿದ್ದರೂ ಪತ್ರಿಕೆಗಳೆಲ್ಲ ಅದನ್ನು ದೊಡ್ಡ ಸುದ್ದಿ ಮಾಡಿದವು.

ಪುನಃಸ್ಥಾಪನೆಯ ಸಾಧ್ಯತೆಯ ಬಗ್ಗೆ ಯಾರೂ ಕೇಳಿಲ್ಲವಾದರೂ ಎರಡು ಮಾತು. 250 ಸದಸ್ಯರ ಸಂಸತ್ತಿನಲ್ಲಿ ಮೂರನೇ ಎರಡರಷ್ಟು, ಅಂದರೆ 167 ಮತ ಬೇಕು, ಆ ಬಳಿಕ ಜನಮತಗಣನೆಯಲ್ಲಿ ಗೆಲ್ಲಬೇಕು. ಸೆರ್ಬಿಯ ರಾಜ್ಯದ ಪುನಃಸ್ಥಾಪನೆಯನ್ನೇ ಹೆಸರಿನಲ್ಲಿಟ್ಟುಕೊಂಡ ಪಕ್ಷ 2022ರಲ್ಲಿ ಮೈತ್ರಿಕೂಟದ ಮೂಲಕ ಕೆಲವು ಸ್ಥಾನ ಗಳಿಸಿತು, ಆದರೆ ಆ ಹೊತ್ತಿಗಾಗಲೇ ಒಳಜಗಳದಲ್ಲಿ ಹೋಳಾಗತೊಡಗಿತ್ತು. ಹೀಗಾಗಿ ಸದ್ಯಕ್ಕೆ ಅದು ಮಾತಿನಲ್ಲೇ ಉಳಿಯುವ ವಿಷಯ.

ನಿಜವಾಗಿ ತುರ್ತಿರುವುದು ಸಣ್ಣ ವಿಷಯಗಳು. ಅಲೆಕ್ಸಾಂಡರ್ ಅವರಿಗೆ 80 ತುಂಬಿದೆ. ಅವರ ನಂತರ ಅರಮನೆಯಲ್ಲಿ ಯಾರು ಇರಬಹುದು, ಯಾವ ಆಧಾರದ ಮೇಲೆ? ಗೋಡೆಯ ಮೇಲಿರುವ ಬೆಲೆಬಾಳುವ ಚಿತ್ರಗಳು ವಸ್ತುಸಂಗ್ರಹಾಲಯದ ಸೊತ್ತೋ, ಕುಟುಂಬದ ಸೊತ್ತೋ? ಎಲಿಸಬೆತ್ ಅವರ ಶಾಖೆಗೂ ಅಲೆಕ್ಸಾಂಡರ್ ಅವರ ಶಾಖೆಗೂ ಆಸ್ತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ. ಮೊಂಟೆನೆಗ್ರೊ ಮಾದರಿಯ ಒಂದು ಕಾನೂನನ್ನು ಈಗಲೇ ಮಾಡಿದರೆ ಇವೆಲ್ಲಕ್ಕೂ ಸಂಸತ್ತಿನಲ್ಲೇ ಉತ್ತರ ಸಿಗುತ್ತದೆ. ತಡಮಾಡಿದರೆ ಶವಸಂಸ್ಕಾರದ ಮರುದಿನ ವಕೀಲರ ಮನೆಯಲ್ಲಿ ಹುಡುಕಬೇಕಾಗುತ್ತದೆ.

ನಿಷ್ಠುರ

ಈ ಒಂದು ವಿಷಯದಲ್ಲಿ ಕಾನೂನು ಕಟ್ಟೆಯವರೊಂದಿಗೆ ನನ್ನ ಸಹಮತವಿದೆ, ಒಂದು ಷರತ್ತಿನೊಂದಿಗೆ. ಅಂಥ ಕಾನೂನು ಬರುವುದಾದರೆ ಅರಮನೆಯ ನಿರ್ವಹಣೆಗೆ ವರ್ಷಕ್ಕೆ ಎಷ್ಟು ಸಾರ್ವಜನಿಕ ಹಣ ಹೋಯಿತು, ಕುಟುಂಬದ ಪ್ರತಿಷ್ಠಾನಗಳಿಗೆ ಎಲ್ಲಿಂದ ಎಷ್ಟು ಬಂತು ಎಂಬುದೂ ಪ್ರತಿ ವರ್ಷ ಸಂಸತ್ತಿನ ಮುಂದೆ ಬರಬೇಕು. ಸಭೆಯೇ ಕಿರೀಟ ಕೊಟ್ಟು ಸಭೆಯೇ ಕಿತ್ತುಕೊಂಡ ಪರಂಪರೆ ಅವರದು ಎಂದು ಹಳೆಯ ಕಡತದವರು ಹೇಳಿದರಲ್ಲ, ಲೆಕ್ಕವನ್ನೂ ಆ ಸಭೆಗೇ ಒಪ್ಪಿಸಲಿ.

ಡ್ಯಾನ್ಯೂಬ್ ದಂಡೆ

ಇಲ್ಲಿನ ಯಾವ ಪಕ್ಷವೂ ಇಂಥ ಕಾನೂನನ್ನು ತನ್ನ ಪ್ರಣಾಳಿಕೆಯ ಮೊದಲ ಸಾಲಿಗೆ ತರುವುದಿಲ್ಲ. ಆಳುವವರಿಗೆ ಈ ಅಸ್ಪಷ್ಟತೆಯೇ ಅನುಕೂಲ. ಬೇಕಾದಾಗ ಅರಮನೆಯ ಸತ್ಕಾರಕ್ಕೆ ಹೋಗಬಹುದು, ಬೇಡವಾದಾಗ ಅವರು ಖಾಸಗಿ ವ್ಯಕ್ತಿಗಳು ಎನ್ನಬಹುದು. ಕಾನೂನಿಗಾಗಿ ಯಾರಾದರೂ ಒತ್ತಾಯಿಸಬಹುದಾದರೆ ಅದು ಫಿಲಿಪ್ ಮತ್ತು ದನಿತ್ಸಾ, ಏಕೆಂದರೆ ಇಲ್ಲಿಯೇ ಮಕ್ಕಳನ್ನು ಬೆಳೆಸುತ್ತಿರುವವರು ಅವರು. ಶರಾವತಿ ಮೇಡಂ, ನೀವು ಈ ಕಡೆ ಬರುವುದಾದರೆ ಬೇಸಿಗೆಯಲ್ಲಿ ಬನ್ನಿ, ದೆದಿನ್ಯೆಯ ಟಿಕೆಟನ್ನು ಮುಂಚಿತವಾಗಿ ಕಾಯ್ದಿರಿಸಿ, ಗುರುತಿನ ಚೀಟಿ ಮರೆಯಬೇಡಿ. ಒಪ್ಲೆನಾತ್ಸ್‌ಗೆ ಬೇರೆ ಒಂದು ದಿನವೇ ಬೇಕು. ಬಿಳಿ ಅಮೃತಶಿಲೆಯ ಆ ಚರ್ಚಿನ ಒಳಗೋಡೆಗಳೆಲ್ಲ ಬಣ್ಣದ ಗಾಜಿನ ಚೂರುಗಳ ಮೊಸಾಯಿಕ್, ಅವಸರದಲ್ಲಿ ನೋಡುವಂಥದ್ದಲ್ಲ.